ನೋಡಿದಾಗ ಸರಿಯಾಗಿತ್ತು

ಮಾವನವರು ನೋಡಿದರೆ ಯಾವ ವಸ್ತುವೂ ಕೆಟ್ಟಿರುವುದಿಲ್ಲ. ಅಡುಗೆಮನೆಯ ನಲ್ಲಿ ಒಂದು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಅತ್ತೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಮೇಲೆ ಅವರು ಪೇಪರ್ ಮಡಿಸಿಟ್ಟು ಬಂದು, ನಲ್ಲಿಯ ಮುಂದೆ ಎರಡು ಸೆಕೆಂಡು ನಿಂತು, "ನಾನ್ ನೋಡ್ದಾಗ ಸರಿಯಾಗೇ ಇತ್ತಲ್ಲ" ಎಂದು ತೀರ್ಪು ಕೊಟ್ಟು ಹೋಗುತ್ತಿದ್ದರು. ಎರಡು ಹನಿಗಳ ನಡುವಿನ ಆ ಪುಣ್ಯಕಾಲವನ್ನು ಹುಡುಕಿ ಬರುವುದರಲ್ಲಿ ಅವರದು ಎತ್ತಿದ ಕೈ. ಅತ್ತೆ ನಲ್ಲಿಯ ಕೆಳಗೊಂದು ಪಾತ್ರೆ ಇಟ್ಟು ಸುಮ್ಮನಾಗಿದ್ದರು.

ನಲ್ಲಿಯೊಂದೇ ಆಗಿದ್ದರೆ ಸೊಸೆಯೂ ಸುಮ್ಮನಿರುತ್ತಿದ್ದಳು. ಆದರೆ ಮಾವನವರು ವಿಮಾನ ರಿಪೇರಿಯ ಹಿರಿಯ ಇಂಜಿನಿಯರು, ಸೊಸೆ ಅದೇ ಕಂಪನಿಯ ಸಹ ಪೈಲಟ್. ಅವರು ಸಹಿ ಹಾಕಿ ಕಳಿಸಿದ್ದನ್ನು ಇವಳು ಹಾರಿಸಬೇಕು.

ಹನ್ನೊಂದು ದಿನಗಳಿಂದ ಅವಳ ವಿಮಾನಕ್ಕೆ ಚಳಿಜ್ವರ ಬಂದಿತ್ತು. ಎಪ್ಪತ್ತು ಸೀಟಿನ, ಎರಡು ಪ್ರೊಪೆಲರ್‌ಗಳ ವಿಮಾನ. ಮೇಲೇರಿ ವೇಗ ಹಿಡಿದರೆ ಸಾಕು, ವಿಮಾನ ನಡೆಸುವ ಹಿಡಿಕೆ ಅವಳ ಕೈಯಲ್ಲಿ ನಡುಗುತ್ತಿತ್ತು. ವೇಗ ಇಳಿಸಿದರೆ ನಿಲ್ಲುತ್ತಿತ್ತು. ನಡುಕ ದಿನೇದಿನೇ ಜೋರಾಗುತ್ತಿತ್ತು. ಅವಳು ದಿನವೂ ಲಾಗ್ ಬುಕ್ಕಿನಲ್ಲಿ ಬರೆಯುವಳು: 'ಹಾರುವಾಗ ಹಿಡಿಕೆ ನಡುಗುತ್ತದೆ.' ಬೆಳಿಗ್ಗೆ ಅದರ ಕೆಳಗೆ ಮಾವನವರ ಮುತ್ತಿನಂಥ ಅಕ್ಷರ: 'ನೆಲದ ಮೇಲೆ ಪರೀಕ್ಷಿಸಲಾಯಿತು. ನಡುಕವಿಲ್ಲ. ಸರಿಯಾಗಿದೆ.' ನಿಂತ ವಿಮಾನ ನಡುಗುವುದಿಲ್ಲವೆಂಬ ಮಹಾಸತ್ಯವನ್ನು ಅವರು ಇಷ್ಟು ದಿನವೂ ತಪ್ಪದೆ ಸಹಿ ಹಾಕಿ ಸಾರಿದ್ದರು.

ಕ್ಯಾಪ್ಟನ್‌ಗೆ ನಿವೃತ್ತಿಗೆ ಎರಡೇ ತಿಂಗಳು. "ನಡುಗಿದ್ರೆ ನಡುಗ್ಲಿ ಬಿಡಮ್ಮ, ಈಗೀಗ ನನ್ ಕೈಯೂ ನಡುಗುತ್ತೆ" ಎಂದು ನಗುತ್ತಿದ್ದರು. ಹನ್ನೊಂದನೇ ದಿನ ಮಾತ್ರ ನಗಲಿಲ್ಲ. ಇಳಿದ ಮೇಲೂ ಎರಡು ನಿಮಿಷ ಸೀಟಿನಲ್ಲೇ ಕೂತಿದ್ದರು.

ಆ ಸಂಜೆ ಊಟಕ್ಕೆ ಕೂತಾಗ ಅವಳು ಕೇಳಿದಳು, "ಮಾವ, ಬಾಲದ ಹತ್ರ ಏನೋ ಸಡಿಲ ಆಗಿದೆ ಅನ್ಸುತ್ತೆ. ಏಣಿ ಹಾಕಿ ನೋಡಿದ್ರಾ?"

"ಮೂವತ್ತು ವರ್ಷದ ಅನುಭವ ಕಣಮ್ಮ ನಂದು. ಕೆಳಗಿಂದ ಟಾರ್ಚ್ ಬಿಟ್ರೆ ಸಾಕು, ಗೊತ್ತಾಗುತ್ತೆ."

ನಲ್ಲಿ ತೊಟ್ಟಿಕ್ಕಿತು. ಅತ್ತೆ ಸೊಸೆಯ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಮತ್ತೆ 'ಸರಿಯಾಗಿದೆ' ಕಂಡಾಗ ಅವಳ ತಾಳ್ಮೆ ಕಿತ್ತುಹೋಯಿತು. ಅದರ ಕೆಳಗೆ ಬರೆದಳು: 'ದೋಷ ಹಾರುವಾಗ ಮಾತ್ರ ಬರುತ್ತದೆ. ಪರೀಕ್ಷಿಸುವವರು ಜೊತೆಗೆ ಹಾರಿ ನೋಡುವವರೆಗೆ ಈ ವಿಮಾನ ತೆಗೆದುಕೊಂಡು ಹೋಗುವುದಿಲ್ಲ.' ಕೆಲಸ ಹೋಗಬಹುದು, ಮನೆಯ ನೆಮ್ಮದಿಯೂ ಹೋಗಬಹುದು ಎಂದು ಗೊತ್ತಿದ್ದೇ ಬರೆದಳು. ಕ್ಯಾಪ್ಟನ್ ಓದಿ, ಕನ್ನಡಕ ಒರೆಸಿ, ಇನ್ನೊಮ್ಮೆ ಓದಿ, ತಮ್ಮ ಸಹಿಯನ್ನೂ ಹಾಕಿದರು.

ಪ್ರಯಾಣಿಕರು ಗೇಟಿನಲ್ಲಿ ಸಾಲುಗಟ್ಟಿದ್ದರು. ಮ್ಯಾನೇಜರು ಮಾವನವರಿಗೆ ಫೋನಿನಲ್ಲೇ ಪರಿಹಾರ ಕೊಟ್ಟರು: "ನೀವೇ ಹತ್ತಿ ಹೋಗ್ಬನ್ನಿ ಸಾರ್. ಒಂದು ಗಂಟೆ ತಾನೇ?"

"ಬನ್ನಿ ಮಾವ. ನಮ್ಮ ಹಿಂದೆ ಮಡಚೋ ಸೀಟಿದೆ, ಬಿಚ್ಚಿಡ್ತೀನಿ" ಎಂದಳು ಸೊಸೆ.

ವಿಮಾನದ ಬಳಿ ನಿಂತಿದ್ದ ಮಾವನವರು ಮೆಟ್ಟಿಲ ಕಡೆ ನೋಡಿದರು. ಸಾವಿರಾರು ವಿಮಾನಗಳಿಗೆ 'ಸರಿಯಾಗಿದೆ' ಎಂದು ಬರೆದ ಈ ಮಹಾನುಭಾವರು ರಜೆಗೆ ಎಲ್ಲಿಗೇ ಹೋದರೂ ರೈಲಿನಲ್ಲೇ ಹೋಗುತ್ತಿದ್ದರು. ಕಿಟಕಿಯಿಂದ ಗಾಳಿ ಬರುತ್ತದಂತೆ.

"ಇರಮ್ಮ," ಎಂದರು. "ಹೊರಡೋ ಮುಂಚೆ ಒಂದ್ಸಲ ಏಣಿ ತರಿಸ್ತೀನಿ."

ಏಣಿ ಐದು ನಿಮಿಷದಲ್ಲಿ ಬಂತು. ಮಂಡಿನೋವಿನ ಮನುಷ್ಯ ಯಾರನ್ನೂ ಕರೆಯದೆ ತಾವೇ ಹತ್ತಿದರು. ಬಾಲದ ಅಡ್ಡರೆಕ್ಕೆಯ ಹಿಂದೆ, ವಿಮಾನದ ಮೂತಿ ಎತ್ತಲು ಇಳಿಸಲು ಇರುವ ಪಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಕಟಕ್ ಎಂದಿತು. ತಾವು ತಪ್ಪು ಕೇಳಿಸಿಕೊಂಡಿರಲಿ ಎಂಬಂತೆ ಮತ್ತೆ ಅಲ್ಲಾಡಿಸಿದರು. ಕಟಕ್, ಕಟಕ್. ಪಟ್ಟಿಯನ್ನು ಹಿಡಿದಿದ್ದ ಕೀಲು ಸವೆದು ಸಣ್ಣದಾಗಿತ್ತು. ಕೆಳಗೆ ನಿಂತಿದ್ದ ಕ್ಯಾಪ್ಟನ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಮಾವನವರು ಇಳಿದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಹನ್ನೊಂದು ದಿನ ನಾನು ಇದ್ರಲ್ಲೇ ಹಾರಿದೀನಿ ಮಾವ. ಈ ಏಣಿ ಎಲ್ಲಿತ್ತು?"

"ಹ್ಯಾಂಗರಲ್ಲಿ... ಅಲ್ಲೇ."

ಅಲ್ಲೇ ಎಂದರೆ ನೂರು ಹೆಜ್ಜೆ ದೂರದ ರಿಪೇರಿ ಶೆಡ್ಡು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು. ಅವಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಬಾಗಿಲಿಗೆ ಬಂದು ರಸ್ತೆ ನೋಡುತ್ತ ನಿಲ್ಲುತ್ತಿದ್ದವರು ಇವರೇ.

ಆ ದಿನ ಆ ವಿಮಾನ ಹಾರಲಿಲ್ಲ. ಸಂಜೆ ಅವಳು ಮನೆಗೆ ಬಂದಾಗ ಮಾವನವರು ಅಡುಗೆಮನೆಯಲ್ಲಿ ನಲ್ಲಿಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಸ್ಪ್ಯಾನರ್. "ಅರ್ಧ ಗಂಟೆಯಿಂದ ಹೀಗೇ ಕೂತಿದಾರೆ ಕಣೆ, ಏನಾಯ್ತೋ ಏನೋ" ಎಂದು ಅತ್ತೆ ಪಿಸುಗುಟ್ಟಿದರು.

ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

"ಸೋರ್ತಿದೆ" ಎಂದರು ಮಾವನವರು, ಯಾರ ಮುಖವನ್ನೂ ನೋಡದೆ. "ಮೊದಲಿಂದ್ಲೂ ಸೋರ್ತಾನೇ ಇತ್ತು."

ಅವರು ನೀರು ಬಂದ್ ಮಾಡಲು ಮಂಡಿಯೂರಿ ಸಿಂಕಿನ ಕೆಳಗೆ ತಲೆ ತೂರಿಸಿದರು. ಸೊಸೆಯ ಸಿಟ್ಟು ಇಳಿದಿರಲಿಲ್ಲ. ಆದರೂ ಟಾರ್ಚ್ ತಂದು ಪಕ್ಕದಲ್ಲಿ ಕೂತು ಬೆಳಕು ಹಿಡಿದಳು. ಆಗಷ್ಟೇ ಅವಳಿಗೆ ಕಂಡಿತು, ಸ್ಪ್ಯಾನರ್ ಹಿಡಿದ ಅವರ ಕೈ ನಡುಗುತ್ತಿತ್ತು.