ನೂರಕ್ಕೆ ತೊಂಬತ್ತಮೂರು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಕಂಪ್ಯೂಟರ್ ಕಲಿತವನಲ್ಲ. ಮೂವತ್ತೆಂಟು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದು ಮಂಡಿ ಸವೆಸಿಕೊಂಡವನು. ಆದರೆ ನಮ್ಮ ಬಿಂಡಾರಾ ಕಣಿವೆಯ ಜನಕ್ಕೆ ಒಂದು ನಂಬಿಕೆ, ತಂತಿ ಗೊತ್ತಿದ್ದವನಿಗೆ ತಂತಿ ಇಲ್ಲದ್ದೂ ಗೊತ್ತಿರಬೇಕು ಅಂತ. ಯಾರ ಮನೆಯ ಟಿವಿ ಮಂಕಾದರೂ, ಯಾರ ಫೋನು ಮುನಿಸಿಕೊಂಡರೂ ಕ್ಲೆಮ್ ಮುದುಕನನ್ನು ಕರೆಯುತ್ತಾರೆ. ಕೊಡುವುದು ಒಂದು ಮಗ್ಗು ಟೀ, ಎರಡು ಸ್ಕೋನು ಅನ್ನೋ ದಪ್ಪ ಬನ್ನು. ಸ್ಕೋನು ಕೆಲವೊಮ್ಮೆ ಹಿಂದಿನ ದಿನದ್ದು.

ಮೇವಿಸ್ ಟ್ರೆಗಿಯರ್ ಕರೆದದ್ದು ಜನವರಿಯ ಒಂದು ಸೋಮವಾರ, ನಮ್ಮ ಕಡೆ ಅದು ನಡುಬೇಸಿಗೆ. ನನ್ನ ಬೇಲಿಗೆ ತಾಗಿದ ಮನೆ ಅವಳದು. ವಯಸ್ಸು ಎಪ್ಪತ್ತೆಂಟು, ನಾಲಿಗೆಗೆ ಮಾತ್ರ ಇಪ್ಪತ್ತು. ಹನ್ನೆರಡು ವರ್ಷದ ಹಿಂದಿನ ಕಾಡ್ಗಿಚ್ಚಿನಲ್ಲಿ ಕಣಿವೆಯ ಅರ್ಧ ಮನೆಗಳ ಜೊತೆ ಅವಳ ಮನೆಯೂ ಹೋಯಿತು. ಗಂಡ ರಾಸ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದ. ಬೆಂಕಿ ಅವನ ಫೋಟೊಗಳನ್ನೂ ಬಿಡಲಿಲ್ಲ. ಆಮೇಲೆ ಅವಳು ಒಂದು ಕೆಲಸ ಹಚ್ಚಿಕೊಂಡಳು. ಮನೆ ಉಳಿದವರ ಬಾಗಿಲು ತಟ್ಟುವುದು, ಊರು ಬಿಟ್ಟವರನ್ನು ಹುಡುಕುವುದು, ಅವರ ಆಲ್ಬಮ್ಮು, ಫೋಟೊ ತುಂಬಿಟ್ಟ ಬೂಟಿನ ಡಬ್ಬಿ ಎಲ್ಲ ಎರವಲು ತಂದು ಒಂದೊಂದೇ ಫೋಟೊ ಸ್ಕ್ಯಾನ್ ಮಾಡಿ ಹಿಂದಿರುಗಿಸುವುದು. ಮದುವೆಗಳು, ಕ್ರಿಕೆಟ್ ತಂಡಗಳು, ಬಹುಮಾನ ಗೆದ್ದ ಹೋರಿಗಳು. ಒಬ್ಬರ ಹೋರಿಯ ಹಿಂದೆ ಮನೆ ಕಳೆದುಕೊಂಡ ಇನ್ನೊಬ್ಬರ ಅಜ್ಜಿ ನಿಂತಿರುತ್ತಿದ್ದಳು. ಹಾಗೆ ಸೇರಿದ್ದು ಹನ್ನೊಂದು ಸಾವಿರ. ರಾಸ್ ಇದ್ದ ಫೋಟೊಗಳೂ ಅಲ್ಲೊಂದು ಇಲ್ಲೊಂದು ಸಿಕ್ಕಿ ಅರವತ್ತಮೂರಾಗಿದ್ದವು. ಅವಳ ಪಾಲಿಗೆ ಅವನ ಮುಖ ಉಳಿದದ್ದು ಅಷ್ಟರಲ್ಲೇ. ಎಲ್ಲವೂ ಇದ್ದದ್ದು ಒಂದೇ ಲ್ಯಾಪ್‌ಟಾಪಿನಲ್ಲಿ.

ಆ ಲ್ಯಾಪ್‌ಟಾಪು ಕಟಕಟ ಅನ್ನತೊಡಗಿತ್ತು.

“ಹಲ್ಲು ಕಡೀತಿದೆ ಕಣೋ ಕ್ಲೆಮ್,” ಅಂದಳು. “ರಾಸ್ ನಿದ್ದೇಲಿ ಕಡೀತಿದ್ನಲ್ಲ, ಹಾಗೇ.”

“ಅದು ಹಲ್ಲಲ್ಲ ಮಾರಾಯ್ತಿ, ಒಳಗಿನ ಡಿಸ್ಕು. ಸಾಯೋಕೆ ಮುಂಚೆ ಹೀಗೇ ನರಳುತ್ತೆ.”

“ನೀನು ದಿನಾ ನರಳ್ತೀಯ. ಸತ್ತಿದೀಯಾ?”

ನಕಲು ಇಳಿಸಲು ಹೊರಗಿನ ಡ್ರೈವು ಸಿಕ್ಕಿಸೋಣ ಅಂತ ನೋಡಿದರೆ ಲ್ಯಾಪ್‌ಟಾಪಿನ ಮಗ್ಗುಲ ಸಾಕೆಟ್ಟುಗಳು ಹೋದ ವರ್ಷವೇ ಟೀ ಕುಡಿದು ಸತ್ತಿದ್ದವು. ಇಂಟರ್ನೆಟ್ಟಿಗೆ ಏರಿಸೋಣವೆಂದರೆ ನಮ್ಮ ಕಣಿವೆಗೆ ಅದು ಬರುವುದು ಹನಿ ಹನಿಯಾಗಿ. ರಿಪೇರಿ ಅಂಗಡಿ ಇರುವುದು ಎರಡು ಗಂಟೆ ದೂರದಲ್ಲಿ, ಅವನು ಹದಿನೈದು ದಿನ ಇಟ್ಟುಕೊಳ್ಳುತ್ತೇನೆ ಅಂದಿದ್ದ. ಅದಕ್ಕೆ ಮೇವಿಸ್, “ನನ್ನ ಕಿಡ್ನಿ ಬೇಕಾದ್ರೆ ಇಟ್ಕೊ” ಅಂದು ಫೋನು ಇಟ್ಟಿದ್ದಳು. ಉಳಿದದ್ದು ಒಂದೇ ದಾರಿ. ವೈಫೈ ತಾನೇ ಬಿಡುವ, ಒಳಗೆ ಡ್ರೈವು ಇರುವ ಒಂದು ಪೆಟ್ಟಿಗೆ ತರಿಸಿದ್ದಳು. ಬ್ರೆಡ್ಡಿನಷ್ಟು ದೊಡ್ಡದು. ಲ್ಯಾಪ್‌ಟಾಪು ಗಾಳಿಯಲ್ಲೇ ಅದಕ್ಕೆ ಫೋಟೊ ಕಳಿಸಬೇಕು. ಲೆಕ್ಕ ಹಾಕಿದೆ, ನಲವತ್ತು ಗಂಟೆ ಬೇಕು. ಶುಕ್ರವಾರ ನಲವತ್ತಮೂರು ಡಿಗ್ರಿ, ಬೆಂಕಿ ಹಬ್ಬಿಸುವ ಬಿಸಿ ಬಡಗಣ ಗಾಳಿ ಅಂತ ರೇಡಿಯೊ ಆಗಲೇ ಹೇಳುತ್ತಿತ್ತು. ಹೇಗೋ ಆಗುತ್ತೆ ಅಂದುಕೊಂಡೆ.

ಅಡುಗೆಮನೆಯ ಕಪಾಟಿನ ಮೇಲೆ ಪೆಟ್ಟಿಗೆ ಕೂರಿಸಿ, ಹೆಸರು, ಪಾಸ್‌ವರ್ಡು ಕೊಟ್ಟು, ಬ್ಯಾಕಪ್ ಶುರು ಮಾಡಿದೆ. ನಾಲ್ಕು ಪರ್ಸೆಂಟ್ ಆಗುವವರೆಗೆ ಕೂತಿದ್ದು ಮನೆಗೆ ಹೋದೆ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಫೋನು. “ನಿನ್ನ ಪೆಟ್ಟಿಗೆ ಕೈಕೊಡ್ತು ಕಣೋ.”

ಹೋದೆ. ಪೆಟ್ಟಿಗೆ ಕಪಾಟಿನ ಮೇಲೆ ಹಸಿರು ದೀಪ ಹಚ್ಚಿಕೊಂಡು ಸಾಧುವಿನ ಹಾಗೆ ಕೂತಿತ್ತು. ಲ್ಯಾಪ್‌ಟಾಪಿನ ಮೇಲೆ ಮಾತ್ರ ಒಂದು ನೋಟೀಸು: ಡ್ರೈವು ಸಿಗುತ್ತಿಲ್ಲ, ಹಳೆಯ ಬ್ಯಾಕಪ್ ನಂಬುವ ಹಾಗಿಲ್ಲ, ಮೊದಲಿಂದ ಮಾಡಬೇಕು. ಮೊದಲಿಂದ ಮಾಡಿದೆ. ಮೈಕ್ರೊವೇವ್ ಅಡ್ಡ ಬರುತ್ತದೇನೋ ಅಂತ ಅದನ್ನು ಪಕ್ಕಕ್ಕೆ ತಳ್ಳಿದೆ, ಚಾನೆಲ್ ಬದಲಿಸಿದೆ, ಲ್ಯಾಪ್‌ಟಾಪು ನಿದ್ದೆ ಹೋಗದಂತೆ ಮಾಡಿದೆ. ನಾನು ಮಧ್ಯಾಹ್ನದವರೆಗೆ ಕೂತಿದ್ದೆ, ಅಷ್ಟು ಹೊತ್ತೂ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಹನ್ನೊಂದು ಪರ್ಸೆಂಟ್.

ಬುಧವಾರ ಬೆಳಿಗ್ಗೆ ಮತ್ತೆ ಅದೇ ನೋಟೀಸು, ಮತ್ತೆ ಸೊನ್ನೆ.

“ನೀನಿದ್ರೆ ಓಡುತ್ತೆ, ನೀನು ಹೋದ್ರೆ ನಿಲ್ಲುತ್ತೆ,” ಅಂದಳು ಮೇವಿಸ್. “ಇಷ್ಟು ವರ್ಷದಲ್ಲಿ ನಿನ್ನ ಹಚ್ಕೊಂಡಿದ್ದು ಇದೊಂದೇ ನೋಡು.”

ನನಗೆ ನಗು ಬರಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಬೆಂಕಿಯಾದ ಮೇಲೆ ಕಟ್ಟಿದ ಮನೆ ಅದು, ಗೋಡೆಗೆ ತಗಡು, ಕಿಟಕಿಗೆ ಕೆಂಡ ಹಾರಿ ಬರದಂತೆ ಉಕ್ಕಿನ ಜಾಲರಿ. ತಗಡೇ ತಂಟೆ ಅಂತ ಇಸ್ತ್ರಿ ಮೇಜು ತಂದು ಅದರ ಮೇಲೆ ಲ್ಯಾಪ್‌ಟಾಪು ಇಟ್ಟು ಮನೆಯೆಲ್ಲ ತಳ್ಳಿಕೊಂಡು ತಿರುಗಿದೆ. ಎಲ್ಲಿ ನಿಂತರೂ ಸಿಗ್ನಲ್ ಚೆನ್ನಾಗಿಯೇ ಇತ್ತು. ಹತ್ತು ಗಂಟೆಗೆ ಮತ್ತೆ ಶುರು ಮಾಡಿ, ಪೆಟ್ಟಿಗೆಯನ್ನೇ ವಾಪಸ್ ಕಳಿಸೋಣ ಅಂತ ಬೈದುಕೊಂಡು ಹೋದೆ.

ಮೂರು ಗಂಟೆಗೆ ಮತ್ತೆ ಬಂದದ್ದು ನನ್ನ ಕನ್ನಡಕ ಮರೆತದ್ದಕ್ಕೆ. ಮೇವಿಸ್ ಬಟ್ಟೆ ತೆಗೆಯಲು ಹೊರಗೆ ಹೋಗಿದ್ದಳು. ಕಪಾಟು ಖಾಲಿ. ಪೆಟ್ಟಿಗೆ ಇಲ್ಲ! ಕರೆಂಟಿನ ಉದ್ದನೆಯ ವೈರೊಂದು ನೆಲದ ಮೇಲೆ ಹರಿದು ಬಟ್ಟೆ ಒಗೆಯುವ ಕೋಣೆಗೆ ಹೋಗಿತ್ತು. ಹಿಂಬಾಲಿಸಿದೆ. ಅಲ್ಲಿ ಮೂಲೆಯಲ್ಲಿ ಅವಳ ಹಳೆಯ ಕೆಟ್ಟ ಫ್ರಿಜ್, ದುಂಡು ಭುಜದ್ದು, ಕೊಟ್ಟಿಗೆ ಬಾಗಿಲಿನಷ್ಟು ದಪ್ಪ ಬಾಗಿಲಿನದು. ವೈರು ಅದರ ಹಿಂದಿನ ತೂತಿನೊಳಗೆ ನುಗ್ಗಿತ್ತು. ಬಾಗಿಲು ಎಳೆದೆ. ಮನೆಯ ಪತ್ರಗಳು, ರಾಸ್‌ನ ಗಡಿಯಾರ, ಎರಡು ಬಾಟಲಿ ಪ್ಲಮ್ ಜಾಮ್, ಅವುಗಳ ನಡುವೆ ನಮ್ಮ ಪೆಟ್ಟಿಗೆ. ಮುಟ್ಟಿದರೆ ಒಲೆಯಿಂದ ತೆಗೆದ ಸ್ಕೋನಿನಷ್ಟು ಬಿಸಿ.

“ಮೇವಿಸ್!”

ಅವಳು ಬಟ್ಟೆ ಬುಟ್ಟಿ ಹಿಡಿದುಕೊಂಡು ಬಂದಳು. “ಏನೋ ಅದು, ಹಾವು ಹೊಕ್ಕ ಹಾಗೆ ಕೂಗ್ತೀಯ?”

“ಫ್ರಿಜ್ಜಲ್ಲಿ ಯಾಕಿಟ್ಟಿದೀಯ ಇದನ್ನ?”

“ಮತ್ತೆಲ್ಲಿಡ್ಲಿ? ಆವತ್ತು ಮನೆಯೆಲ್ಲ ಬೂದಿಯಾದಾಗ ನಿಂತಿದ್ದು ಈ ಫ್ರಿಜ್ ಒಂದೇ. ಒಳಗಿದ್ದ ಪತ್ರದ ಅಂಚು ಕೂಡ ಕಂದಿರ್ಲಿಲ್ಲ. ಬೆಲೆ ಬಾಳೋದು ಫ್ರಿಜ್ಜಿಗೆ. ಈ ಕಣಿವೇಲಿ ಯಾರನ್ನ ಬೇಕಾದ್ರೂ ಕೇಳು.”

ಅದು ನಿಜ. ನನ್ನ ಶೆಡ್ಡಿನಲ್ಲೂ ಒಂದು ಕೆಟ್ಟ ಫ್ರಿಜ್ ಇದೆ, ಅದರಲ್ಲಿ ನನ್ನ ಪಿಂಚಣಿ ಕಾಗದಗಳಿವೆ. ಆ ಬೆಂಕಿ ಕಂಡ ನಮಗೆಲ್ಲ ಅದೊಂದು ರೂಢಿ.

“ಬಾಗಿಲು ಹಾಕಿದ್ರೆ ಅದರ ಮಾತು ಹೊರಗೆ ಬರೋದು ಹೇಗೆ ಮಾರಾಯ್ತಿ? ಉಕ್ಕಿನ ಡಬ್ಬಿ ಇದು! ಮೇಲೆ ಉಸಿರುಕಟ್ಟಿ ಬೇಯ್ತಾ ಇದೆ.”

“ಗೋಡೆ ದಾಟಿ ಹೋಗುತ್ತೆ ಅಂದೋನು ನೀನೇ.”

“ಗೋಡೆ ಅಂದೆ. ಫ್ರಿಜ್ ಅಂದ್ನಾ?”

“ಫ್ರಿಜ್ ಬೇಡ ಅಂತಲೂ ಅನ್ಲಿಲ್ಲ. ನೀನು ಬರೋ ಹೊತ್ತಿಗೆ ತೆಗೆದಿಡ್ತಿದ್ದೆ, ನಿನಗೆ ಪರೀಕ್ಷೆ ಮಾಡೋಕೆ ಕೈಗೆ ಸಿಗ್ಲಿ ಅಂತ. ಒಳ್ಳೇದು ಮಾಡಿದ್ರೆ ಹೀಗೆ.”

ಮೂರು ದಿನ! ನಾನು ಒಗೆಯುವ ಕೋಣೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವಳೂ ಬುಟ್ಟಿ ಇಳಿಸಿ ಅದರ ಅಂಚಿನ ಮೇಲೆ ಕೂತಳು. ನನಗೆ ಸಿಟ್ಟು ಬರುವಷ್ಟೂ ತ್ರಾಣ ಇರಲಿಲ್ಲ.

ಬುಧವಾರ ಸಂಜೆ ನಾಲ್ಕಕ್ಕೆ ಕಪಾಟಿನ ಮೇಲೆ ಕೂರಿಸಿ ನಾಲ್ಕನೇ ಸಲ ಶುರು ಮಾಡಿದೆ. ಈ ಸಲ ಬ್ಯಾಕಪ್ ಪ್ರೋಗ್ರಾಮನ್ನು ಆಚೆ ದಬ್ಬಿ, ಫೋಲ್ಡರುಗಳನ್ನೇ ನೇರವಾಗಿ ನಕಲು ಮಾಡಲು ಹಾಕಿದೆ. ನಡುವೆ ನಿಂತರೂ ಆದಷ್ಟು ಉಳಿಯಲಿ ಅಂತ. ಫೋಟೊ ಯಾರು ಕೊಟ್ಟಿದ್ದರೂ ಅದರಲ್ಲಿ ಇದ್ದವರ ಮನೆತನಕ್ಕೊಂದು ಫೋಲ್ಡರು, ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ. ಗುರುವಾರವೆಲ್ಲ ಲ್ಯಾಪ್‌ಟಾಪು ಕಟಕಟ ಅನ್ನುತ್ತಲೇ ನಡೆಯಿತು. ಮೇವಿಸ್ ಅದರ ಎದುರಿನ ಕುರ್ಚಿ ಬಿಟ್ಟು ಏಳಲಿಲ್ಲ, ರೋಗಿಯ ಪಕ್ಕ ಕೂತ ಹಾಗೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಗಾಳಿ ಎದ್ದಿತು. ಗುಡ್ಡದ ಆಚೆ ಕಂದು ಹೊಗೆ. ಊರಲ್ಲಿ ಎಲ್ಲರ ತೀರ್ಮಾನ ಒಂದೇ: ಇಂಥ ದಿನ ಬೇಗ ಹೊರಡುವುದು, ಕಾಯುವುದಿಲ್ಲ. ನಾನು ಗಾಡಿಗೆ ನೀರಿನ ಕ್ಯಾನು, ನಾಯಿ ಹತ್ತಿಸಿಕೊಂಡು ಅವಳ ಮನೆಗೆ ಬಂದೆ. ಒಂಬತ್ತಾಗಿತ್ತು. ಒಳಗೆ ಕಾಲಿಟ್ಟೆ, ಕರೆಂಟು ಹೋಯಿತು. ಪೆಟ್ಟಿಗೆಯ ಹಸಿರು ದೀಪ ಆರಿತು.

“ಎಷ್ಟಾಗಿತ್ತು?” ಅಂದೆ.

“ತೊಂಬತ್ತಮೂರು.” ಅವಳು ನನ್ನ ಕಡೆ ತಿರುಗಿದಳು. “ನಿನ್ನ ಗಾಡೀಲಿ ಜನರೇಟರ್ ಇದೆಯಲ್ಲ ಕ್ಲೆಮ್. ಮೂರು ಗಂಟೆ ಸಾಕು.”

“ಇಲ್ಲ.”

“ಎರಡು ಗಂಟೆ. ಎಷ್ಟಾಗುತ್ತೋ ಅಷ್ಟು.”

“ಇಲ್ಲ ಮೇವಿಸ್. ನಡಿ.”

“ನಿನ್ನ ಜನ್ಮದಲ್ಲಿ ಒಂದು ಸಲಾನಾದ್ರೂ ಯಾರಾದ್ರೂ ಹೇಳಿದ್ದು ಕೇಳೋ!”

“ಕೇಳಿದೀನಿ. ಹನ್ನೆರಡು ವರ್ಷದ ಹಿಂದೆ ಬಾಬ್ ಅನ್ವಿನ್ ಒಂದು ಗಂಟೆ ತಡಿ ಅಂದ, ಪಂಪು ನೋಡ್ಕೊಂಡು ಬರ್ತೀನಿ ಅಂದ. ಆಯ್ತು ಅಂದೆ. ಎಲ್ಲಿದಾನೆ ಈಗ ಬಾಬ್?”

ಅವಳು ಪೆಟ್ಟಿಗೆಯ ವೈರು ಕಿತ್ತಳು. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಕೂತಳು. ಪೆಟ್ಟಿಗೆ ನಾಯಿಯ ಪಕ್ಕ. ಮೂವತ್ತು ಕಿಲೋಮೀಟರು ಜಲ್ಲಿ ರಸ್ತೆ, ಅದು ಗಾಡಿಯ ನಟ್ಟುಗಳನ್ನೇ ಸಡಿಲಿಸುತ್ತದೆ. ಪ್ರತಿ ಗುಂಡಿಗೂ ಅವಳು ಟವೆಲನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತುತ್ತಿದ್ದಳು.

ಪೇಟೆಯ ಕ್ರೀಡಾ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಎಲ್ಲರ ಹಾಗೆ ನಾವೂ ಸಾಸೇಜ್ ಬ್ರೆಡ್ ತಿಂದೆವು. ಕರೆಂಟು ಅಲ್ಲೂ ಹೋಗಿತ್ತು, ನನ್ನ ಜನರೇಟರನ್ನು ಸಭಾಂಗಣದ ದೀಪ, ಫ್ಯಾನಿಗೆ ಕೊಟ್ಟಾಗಿತ್ತು. ನಾಲ್ಕು ಗಂಟೆಗೆ ಗಾಳಿ ತಿರುಗಿತು. ಬೆಂಕಿ ಗುಡ್ಡದ ಆಚೆಯೇ ನಿಂತಿತು, ನಮ್ಮ ಕಣಿವೆಯ ಒಂದು ಹುಲ್ಲುಕಡ್ಡಿಯೂ ಕರಕಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮೇವಿಸ್ ನನ್ನ ಮುಖ ನೋಡಲಿಲ್ಲ.

ಶನಿವಾರ ಅವಳ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ. ಕಟಕಟ, ಕಟ. ಆಮೇಲೆ ಏನೂ ಇಲ್ಲ. ಹತ್ತು ಸಲ ಒತ್ತಿದೆ. ನಂತರ ಬಿಚ್ಚಿ ಡಿಸ್ಕು ತೆಗೆದು ನನ್ನ ಕಂಪ್ಯೂಟರಿಗೆ ಹಾಕಿ ನೋಡಿದೆ. ಕಲ್ಲು.

ಪೆಟ್ಟಿಗೆ ತೆರೆದುಕೊಂಡಿತು. ಒಂದೊಂದೇ ಫೋಲ್ಡರು ನೋಡುತ್ತ ಬಂದೆ, ಅವಳು ನನ್ನ ಭುಜದ ಹಿಂದೆ ನಿಂತು ಪ್ರತಿಯೊಂದಕ್ಕೂ ಹೂಂ ಅನ್ನುತ್ತಿದ್ದಳು. ಆ್ಯಶ್ಬಿ ಇತ್ತು, ಕಲಿನನ್ ಇತ್ತು, ಮರ್ಫಿಗಳು ಮೂರೂ ಮನೆಯವರು ಇದ್ದರು. ಸ್ಟೊಡಾರ್ಟ್ ಮುಗಿಯಿತು. ಅಲ್ಲಿಗೆ ಸಾಲೂ ಮುಗಿಯಿತು. ಟಿ ಅಕ್ಷರದಿಂದ ಮುಂದಕ್ಕೆ ಒಂದೂ ಬಂದಿರಲಿಲ್ಲ. ರಾಸ್ ಇದ್ದ ಟ್ರೆಗಿಯರ್, ಯು ಅಕ್ಷರದ ಅನ್ವಿನ್, ವೆಸ್ಕೊವಿ, ವಿಲ್ಮಟ್, ಯೆಲ್ಯಾಂಡ್.

“ಹೂಂ,” ಅಂದಳು, ಇಲ್ಲದ್ದಕ್ಕೂ.

“ಜನರೇಟರ್ ಹಾಕಬೇಕಿತ್ತು,” ಅಂದೆ. ಕ್ಷಮೆ ಕೇಳಲು ನನಗೆ ಬರುವುದು ಅಷ್ಟೇ.

“ಹಾಕಿದ್ರೂ ನಂದು ಬರ್ತಿತ್ತೋ ಇಲ್ವೋ.” ಕೆಟಲ್ ಒಲೆಗಿಟ್ಟಳು. “ಬಿಡು. ಟೀ ಕುಡಿ.”

ಸೋಮವಾರದ ಹೊತ್ತಿಗೆ ಅವಳು ಒಂದು ಪಟ್ಟಿ ಮಾಡಿಕೊಂಡಿದ್ದಳು. ಬಾಬ್‌ನ ಹೆಂಡತಿಗೆ ಫೋನು, ವೆಸ್ಕೊವಿಗಳ ಮನೆಗೆ ಮಂಗಳವಾರ, ವಿಲ್ಮಟ್ ಹುಡುಗಿ ಈಗ ಎಲ್ಲಿದ್ದಾಳೆ ವಿಚಾರಿಸಬೇಕು. ಮತ್ತೆ ಅದೇ ಡಬ್ಬಿಗಳನ್ನು ತಂದು ಅದೇ ಸ್ಕ್ಯಾನರಿನ ಮುಂದೆ ಕೂರುವುದು. ಪಟ್ಟಿಯನ್ನು ಎರಡು ಸಲ ಓದಿದೆ.

“ರಾಸ್ ಎಲ್ಲಿ?”

“ಅದಿರ್ಲಿ.”

“ಅದಿರ್ಲಿ ಅಂದ್ರೆ?”

“ಅರವತ್ತಮೂರು ಫೋಟೊ, ನಲವತ್ತು ಮನೆ ಕಣೋ. ಬೇರೆಯವರಿಗೋಸ್ಕರ ಕೇಳೋಕೆ ಬಾಯಿ ಬರುತ್ತೆ. ನನ್ನ ಗಂಡನ್ನ ಎರಡು ಸಲ ಭಿಕ್ಷೆ ಬೇಡ್ಲಾ? ಒಂದು ಸಲ ಬೇಡಿದ್ದೇ ಸಾಕಾಗಿದೆ. ಸುಸ್ತಾಗಿದೆ ಕ್ಲೆಮ್.”

ಮಾತು ಹೊಳೆಯದಿದ್ದಾಗ ಫೋನು ಎತ್ತುವುದು ನನ್ನ ಕಸುಬಿನ ಚಾಳಿ. ಮೇಜಿನ ಮೇಲಿದ್ದ ಅವಳ ಫೋನು ತೆಗೆದುಕೊಂಡು ಡಾಟ್ ಯೆಲ್ಯಾಂಡಳ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದೆ. ಡಾಟ್‌ಗೆ ಎಂಬತ್ತೊಂಬತ್ತು, ಕಿವಿ ಮಂದ.

“ಡಾಟಕ್ಕ, ಕ್ಲೆಮ್ ಮಾತಾಡ್ತಿರೋದು.”

“ನಾನೇನೂ ಕೊಳ್ಳಲ್ಲಪ್ಪ.”

“ಕ್ಲೆಮ್! ಕಂಬದ ಕ್ಲೆಮ್! ಮೇವಿಸ್ ಮದುವೆ ಫೋಟೊ ಒಂದು ಕೊಟ್ಟಿದ್ದೆಯಲ್ಲ, ಇದೆಯಾ ಇನ್ನೂ?”

ಮೇವಿಸ್ ಫೋನು ಕಸಿಯಲು ಕೈ ಚಾಚಿದಳು. ನಾನು ಸರಿದೆ, ಕುರ್ಚಿ ಕಿರುಗುಟ್ಟಿತು.

“ಯಾವುದು, ರಾಸ್ ಅವಳ ಲಂಗ ತುಳಿದು ನಿಂತಿರೋದಾ? ಪಡಸಾಲೇಲಿ ತೂಗುಹಾಕಿದೀನಿ, ನನ್ನ ಮದುವೇದಕ್ಕಿಂತ ಚೆನ್ನಾಗಿದೆ ಅದು. ಇನ್ನೂ ಮೂರಿವೆ. ಕುರಿ ತುಪ್ಪಟ ಕತ್ತರಿಸೋ ಶೆಡ್ಡಿಂದು, ಅವನು ಕುಡಿದು ಬಿದ್ದಿದ್ನಲ್ಲ, ಅದು. ಆಗ ಕೊಟ್ರೆ ಬೇಜಾರು ಮಾಡ್ಕೋತಾಳೆ ಅಂತ ಕೊಟ್ಟಿರ್ಲಿಲ್ಲ. ಅವಳಿಗೆ ಬೇಕಂತಾ?”

ನಾನು ಮೇವಿಸ್ ಕಡೆ ನೋಡಿದೆ. ಅವಳು ಕಿಟಕಿಯ ಜಾಲರಿಯ ಆಚೆಗೆ ನೋಡುತ್ತಿದ್ದಳು. ಹೂಂ ಅಂತ ತಲೆಯಾಡಿಸಿದಳು.

“ಬೇಕಂತೆ ಡಾಟಕ್ಕ.”

“ಹಾಗಿದ್ರೆ ಬಂದು ತಗೊಂಡು ಹೋಗೋಕೆ ಹೇಳು. ಬರ್ತಾ ಎರಡು ಲೀಟರ್ ಹಾಲು ತರ್ಲಿ, ನನ್ನ ಹತ್ರ ಮುಗಿದಿದೆ.”

ಫೋನು ಇಟ್ಟೆ. ಮೇವಿಸ್ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದಳು, ಮೊಳೆಗೆ ನೇತುಹಾಕಿದ್ದ ಕಾರಿನ ಕೀ ತೆಗೆದುಕೊಂಡಳು.

“ಕುಡಿದು ಬಿದ್ದಿದ್ದು ಅವನಲ್ಲ,” ಅಂದಳು. “ನೀನು. ಅವನು ನಿನ್ನ ಎತ್ತೋಕೆ ಬಗ್ಗಿದ್ದ. ಏಳು, ಅಂಗಡಿ ಮುಚ್ಚುತ್ತೆ.”