ಕ್ರಿಸ್‌ಮಸ್ ಕಾರ್ಡಿನಲ್ಲಿ ಕಳೆದುಹೋದ ದಾರಿ

ಇಂಗ್ಲೆಂಡಿನ ಹಾಥರ್‌ಬೆಕ್ ಹಳ್ಳಿಯ ಹೊಲದ ದಾರಿಗೆ ಬೀಗ ಬಿದ್ದು ಐದು ತಿಂಗಳಾಗಿತ್ತು. ಹೊಲದಾಚೆ ಪ್ರಾರ್ಥನಾ ಮಂದಿರ, ಅದರ ಹಿಂದೆ ಸ್ಮಶಾನ. ಮೇವಿಸ್ ಔತ್‌ವೇಟಳ ಗಂಡ ಕ್ಲಿಫರ್ಡ್‌ನನ್ನು ಮಣ್ಣು ಮಾಡಿದ್ದು ಅಲ್ಲೇ. ಹೊಲ ದಾಟಿದರೆ ಹತ್ತು ನಿಮಿಷ. ರಸ್ತೆ ಸುತ್ತಿದರೆ ಮೂರು ಮೈಲಿ. ಭಾನುವಾರ ಬಸ್ಸಿಲ್ಲ, ಅವಳ ಮಂಡಿಯೂ ಮಾತು ಕೇಳುವುದಿಲ್ಲ. ಹೊಲ ಕೊಂಡ ಹೊಸಬ, “ನಕ್ಷೆಯಲ್ಲಿ ದಾರಿ ಎಲ್ಲಿದೆ, ತೋರಿಸಿ” ಎಂದಿದ್ದ. ನಕ್ಷೆಯಲ್ಲಿ ಇರಲಿಲ್ಲ.

ಕಾನೂನಿನ ಪ್ರಕಾರ, ಇಪ್ಪತ್ತು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಜನ ನಡೆದಿದ್ದರೆ ಅದು ಜನರ ದಾರಿಯಾಗುತ್ತದೆ. ಮೇವಿಸ್ ಜಿಲ್ಲಾ ಮಂಡಳಿಗೆ ಅರ್ಜಿ ಹಾಕಿದಳು. ನಲವತ್ತು ವರ್ಷ ನಡೆದದ್ದಕ್ಕೆ ಸಾಕ್ಷಿಯೆಂದು, ಹೊಲದ ಹಳೆಯ ಯಜಮಾನ ಕಳಿಸುತ್ತಿದ್ದ ಕ್ರಿಸ್‌ಮಸ್ ಕಾರ್ಡುಗಳ ಕಟ್ಟನ್ನೂ ಹೆಮ್ಮೆಯಿಂದ ಜೊತೆಗಿಟ್ಟಳು.

ನವೆಂಬರಿನ ಒಂದು ಮಬ್ಬು ಮಧ್ಯಾಹ್ನ ಉತ್ತರ ಬಂತು. ಮಗಳು ಜನೀನ್ ಓದಿದಳು.

“ಅರ್ಜಿ ವಜಾ ಅಂತೆ, ಅಮ್ಮ.”

“ಯಾಕಂತೆ? ಕಾರ್ಡುಗಳನ್ನ ನೋಡ್ಲಿಲ್ವಾ ಅವ್ರು?”

“ನೋಡಿದ್ದಕ್ಕೇ ವಜಾ ಮಾಡಿದ್ದು.”

ಚಹಾಕ್ಕೆ ಬಂದಿದ್ದ ಪಕ್ಕದ ಮನೆಯ ನೋರೀನ್ ಕಾಗದ ತೆಗೆದುಕೊಂಡಳು. ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು ಆಕೆ.

“ಕ್ಲಿಫರ್ಡ್ ಪ್ರತಿವರ್ಷ ಊರವರೆಲ್ಲರ ಪರವಾಗಿ ‘ಬರುವ ವರ್ಷವೂ ಹೊಲ ದಾಟಬಹುದೇ’ ಅಂತ ಬರೀತಿದ್ದ. ಹೊಲದ ಯಜಮಾನ ‘ಧಾರಾಳವಾಗಿ’ ಅಂತ ಕಾರ್ಡಲ್ಲಿ ಬರೀತಿದ್ದ. ಕೇಳಿ ಪಡೆದದ್ದು ಅಪ್ಪಣೆ ಕಣೆ ಮೇವಿಸ್, ಹಕ್ಕಲ್ಲ.”

“ಅದು ಮರ್ಯಾದೆ! ಕೇಳ್ದೇನೇ ಇನ್ನೊಬ್ಬರ ಹೊಲಕ್ಕೆ ನುಗ್ತಾರಾ?”

“ಆ ಮರ್ಯಾದೆಯಿಂದಲೇ ದಾರಿ ಹೋಯ್ತು. ಬರೆದಿಟ್ಟ ಸಂವಿಧಾನ ಇಲ್ದೆ ನಮ್ಮ ದೇಶಾನೂ ಹೀಗೇ ನಡೀತಿದೆ, ನೋಡು.”

“ಶುರುವಾಯ್ತಪ್ಪ ಇವಳ ಸಂವಿಧಾನ ಪುರಾಣ! ನಮ್ಮ ಕೈಯಿಂದ ಬಿಡಿಸ್ಕೊಂಡು ಹೋದ ದೇಶಗಳೆಲ್ಲ ಬರ್ಕೊಂಡ್ವು, ಸರಿ. ನಮಗ್ಯಾವ ಕರ್ಮ?” ಎಂದಳು ಮೇವಿಸ್.

“ನಮ್ಮಲ್ಲಿ ಕಾನೂನಿಲ್ಲ ಅಂತಲ್ಲ. ನೂರು ಕಡೆ ಚದುರಿಬಿದ್ದಿದೆ; ಉಳಿದದ್ದೆಲ್ಲ ರೂಢಿ, ದೊಡ್ಡವರ ಸಭ್ಯತೆ. ಎಲ್ಲಕ್ಕೂ ಮೇಲೆ ಅನ್ನೋ ಒಂದು ಗ್ರಂಥ ಇಲ್ಲ. ಸಂಸತ್ತಲ್ಲಿ ಒಂದು ಮತ ಹೆಚ್ಚಿದ್ರೂ ಸಾಕು, ನಿನ್ನ ಯಾವ ಹಕ್ಕನ್ನಾದ್ರೂ ತೆಗೀಬಹುದು.”

ಜನೀನ್ ಒಪ್ಪಲಿಲ್ಲ. “ಬರೆದಿಟ್ರೆ ಕಲ್ಲಾಗ್ಬಿಡುತ್ತೆ, ನೋರೀನ್ ಆಂಟಿ. ಅಮೆರಿಕದವರ ಬಂದೂಕು ನೋಡಿ, ಸಂವಿಧಾನದಲ್ಲಿರೋ ಇನ್ನೂರು ವರ್ಷ ಹಳೇ ಒಂದು ಸಾಲಿಗೆ ಗಂಟುಬಿದ್ದಿದ್ದಾರೆ.”

“ತಿದ್ದೋಕೆ ಬಾರದ ಹಾಗೆ ಬರೆಯೋದು ಬೇಡಮ್ಮ. ಮೂರರಲ್ಲಿ ಎರಡು ಪಾಲು ಒಪ್ಪಿದ್ರೆ ತಿದ್ದಲಿ. ರಾತ್ರೋರಾತ್ರಿ ಅಳಿಸೋಕೆ ಆಗಬಾರದು, ಅಷ್ಟೇ. ಬರೆದದ್ದನ್ನ ಮುರಿಯೋರೂ ಇದ್ದಾರೆ, ಸುಳ್ಳು ಹೇಳಲ್ಲ. ಆದ್ರೆ ಮುರಿದ್ರು ಅಂತ ನ್ಯಾಯಾಲಯದಲ್ಲಿ ತೋರಿಸೋಕೆ ಒಂದು ಪುಟ ಇರುತ್ತೆ.”

ಜನೀನ್ ಆ ಕಾಗದವನ್ನು ಮತ್ತೆ ಕೈಗೆತ್ತಿಕೊಂಡಳು. ಮೇವಿಸ್ ಕಿಟಕಿಯಾಚೆಯ ಹೊಲದತ್ತ ತಿರುಗಿದಳು.

“ಕ್ಲಿಫರ್ಡ್ ಪಕ್ಕದ ಜಾಗ ನಂದು. ಹೊತ್ತುಕೊಂಡು ಹೋಗೋವಾಗ ನನ್ನನ್ನೂ ಸುತ್ತಿಸ್ತಾರೇನೋ,” ಎಂದಳು. ಆಮೇಲೆ ನೋರೀನಳಿಗೆ, “ಸಂವಿಧಾನ ಬರೆದಿಡಿ ಅಂತ ಸಹಿ ಕೂಡಿಸ್ತಿದ್ದೀಯಲ್ಲ, ಆ ನಿನ್ನ ಮನವಿಪತ್ರ ಕೊಡು. ಸಹಿ ಹಾಕಿದ್ರೆ ಗೇಟು ತೆರೆಯುತ್ತಾ?”

“ಇಲ್ಲ.”

“ಗೊತ್ತಿತ್ತು ಬಿಡು.” ಸಹಿ ಹಾಕಿ ಪೆನ್ನನ್ನು ಮಗಳ ಕಡೆ ತಳ್ಳಿದಳು. ಜನೀನ್ ಕೂಡ ಸಹಿ ಹಾಕಿದಳು.

ಇಂಗ್ಲೆಂಡಿನಲ್ಲಿದ್ದು ಇದನ್ನು ಓದುವವರೇ, ನಿಮ್ಮ ಸಂಸದರಿಗೆ ಈ ವಾರವೇ ಒಂದು ಪತ್ರ ಬರೆಯಿರಿ. ಒಂದೇ ಪ್ರಶ್ನೆ ಸಾಕು: ಒಂದು ಮತದ ಬಹುಮತದಿಂದ ಕಿತ್ತುಕೊಳ್ಳಲಾಗದ ಹಕ್ಕು ನನಗೆ ಯಾವುದಿದೆ? ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ. ನೆರೆಯವರಿಂದಲೂ ಬರೆಸಿ. ಹಕ್ಕನ್ನು ಅದು ಇರುವಾಗಲೇ ಬರೆಸಿಕೊಳ್ಳಬೇಕು. ಹೋದ ಮೇಲೆ ನಾವು ಬರೆಯುವುದೇನಿದ್ದರೂ ಬರೀ ಅರ್ಜಿ.