ಶುಕ್ರವಾರದ ಬನ್ನು

ಮೀನಿನ ಕಾರ್ಖಾನೆ ಮುಚ್ಚಿ ಒಂದು ಚಳಿಗಾಲ ಕಳೆದರೂ ಬೋಡಿಲ್‌ಳ ಕಾಲುಗಳಿಗೆ ಸುದ್ದಿ ಮುಟ್ಟಿರಲಿಲ್ಲ. ಶುಕ್ರವಾರ ಬೆಳಗಾದರೆ ಅವು ತಾವಾಗಿಯೇ ಎಸ್ಬೆರ್ಗ್ ಪೇಟೆಯ ಬೇಕರಿಗೆ ನಡೆಯುತ್ತಿದ್ದವು. ಕಾರ್ಖಾನೆಯಲ್ಲಿ ಶುಕ್ರವಾರದ ಬನ್ನು ಸರದಿಯ ಮೇಲೆ ಬರುತ್ತಿತ್ತು. ಈ ವಾರ ಇವಳು ಎಲ್ಲರಿಗೂ ತಂದರೆ ಮುಂದಿನ ವಾರ ಇನ್ನೊಬ್ಬಳು. ಇಂದೂ ಎಲ್ಲರಿಗೂ ಆಗುವಷ್ಟು ಕೊಂಡು ತಂದು, ಅಡುಗೆಮನೆಯಲ್ಲಿ ಪೆಚ್ಚಾಗಿ ನಿಂತಳು.

ತಮ್ಮ ಪ್ರೆಬೆನ್ ಇನ್ನೊಂದು ಬನ್ನಿಗೆ ಕೈ ಹಾಕಿದ. “ಕೂತು ತಿನ್ನೋ ರುಚಿ ಹತ್ತಿದೆ ಅಕ್ಕಾ ನಿಂಗೆ. ಅದಕ್ಕೇ ಉದ್ಯೋಗ ಕಚೇರಿಯೋರು ತೋರಿಸಿದ ಲಾಂಡ್ರಿ ಕೆಲಸ ಬೇಡ ಅಂತೀಯ.”

“ಕೂತು ತಿಂತಿರೋದು ಯಾರು, ನೋಡ್ಕೋ. ಅಲ್ಲಿನ ಸಂಬಳಕ್ಕೂ ನನ್ನ ನಿರುದ್ಯೋಗ ಭತ್ಯೆಗೂ ಬಸ್ಸಿನ ಖರ್ಚಿನಷ್ಟೂ ವ್ಯತ್ಯಾಸ ಇಲ್ಲ.”

ಹಾಗೆಂದು ಬೇಡವೆನ್ನುವಂತೆಯೂ ಇರಲಿಲ್ಲ. ತಾನಾಗಿ ಒಲ್ಲೆನೆಂದರೆ ಭತ್ಯೆ ನಿಲ್ಲುತ್ತಿತ್ತು. ಲಾಂಡ್ರಿಯವರೇ ಬೇಡವೆಂದರೆ ಉಳಿಯುತ್ತಿತ್ತು. ಆ ಆಸೆಯಲ್ಲೇ ಸೋಮವಾರ ಹೋದಳು.

ಮೇಲ್ವಿಚಾರಕಿ ವಿಬೆಕೆ ಆಸ್ಪತ್ರೆಯ ಹಾಸುಬಟ್ಟೆಗಳ ರಾಶಿಯ ನಡುವೆ ಕರೆದೊಯ್ದಳು. ಬೋಡಿಲ್ ಕೇಳಿದ್ದು ಒಂದೇ ಮಾತು. “ಶುಕ್ರವಾರದ ಬನ್ನು ಯಾರು ತರ್ತಾರೆ?”

“ಯಾರೂ ಇಲ್ಲ. ಇಲ್ಲಿ ಯಂತ್ರ ನಿಲ್ಲೋ ಹಾಗಿಲ್ಲ. ಒಬ್ಬೊಬ್ಬರೇ ಹೋಗಿ ತಿಂದು ಬರ್ತಾರೆ.”

“ಹಾಗಾದ್ರೆ ನಾನಿಲ್ಲಿಗೆ ಹೊಂದೋಳಲ್ಲ.”

ವಿಬೆಕೆ ಅವಳನ್ನೇ ನೋಡಿದಳು. “ಹೊಂದಲ್ಲ ಅಂತ ನಾನೇ ಬರೆದು ಕಳಿಸ್ತೀನಿ ಬಿಡಿ. ಭತ್ಯೆಗೆ ಏನೂ ಆಗಲ್ಲ.” ಒಂದು ಹಾಸುಬಟ್ಟೆ ಮಡಚುತ್ತಾ, “ಹಿಂದೆ ನಾನು ಕೆಲಸಕ್ಕಿದ್ದ ಕಡೆ ನನ್ನ ಸರದಿಗೆ ಗಸಗಸೆ ಬನ್ನು ತರ್ತಿದ್ದೆ” ಎಂದಳು.

ಬೇಡಿಕೊಂಡು ಬಂದ ವರ ಕೈಗೇ ಸಿಕ್ಕಿತ್ತು. ಆದರೂ ಬೋಡಿಲ್‌ಗೆ ಖುಷಿಯಾಗಲಿಲ್ಲ, ಸಂಕಟವಾಯಿತು. ಮನೆಯಲ್ಲಿ ಜೊತೆಗೆ ತಿನ್ನಲು ಪ್ರೆಬೆನ್ ಒಬ್ಬನೇ. ಇಲ್ಲಿ ಬನ್ನಿನ ನೆನಪಿರುವ ಇನ್ನೊಬ್ಬಳಿದ್ದಾಳೆ.

“ಬರೀಬೇಡಿ. ಬರ್ತೀನಿ” ಎಂದಳು.

ಶುಕ್ರವಾರ ಪಾಳಿಗೆ ಮುಂಚೆಯೇ ಲಾಂಡ್ರಿಯ ಗೇಟಿನ ಹೊರಗೆ ಬನ್ನಿನ ಚೀಲ ಹಿಡಿದು ನಿಂತಳು. ಆ ಹೊತ್ತು ಯಂತ್ರದ್ದಲ್ಲವಲ್ಲ. ಮೊದಲ ವಾರ ಬಂದವಳು ಬೆಣ್ಣೆ ಹಿಡಿದ ವಿಬೆಕೆ ಮಾತ್ರ. ಬರಬರುತ್ತಾ ಉಳಿದವರೂ ಸೇರಿದರು, ಸರದಿಯೂ ಹುಟ್ಟಿತು.

ಬೇಸಿಗೆಯ ಒಂದು ಶುಕ್ರವಾರ, ವರ್ಷಗಟ್ಟಲೆ ತುಟಿ ಪಿಟಕ್ಕೆನ್ನದೆ ಹಾಸುಬಟ್ಟೆ ಮಡಚಿದ್ದ ಹಿರಿಯಳು ಹೆರ್ಡಿಸ್, ಬನ್ನು ನುಂಗಿ ಹೇಳಿದಳು: “ಈ ಸಂಬಳ ಸಾಲದು ಕಣ್ರೇ, ಅಲ್ವಾ?”

ಯಾರೂ ಅಗಿಯಲಿಲ್ಲ. ಎಲ್ಲರ ಕಣ್ಣೂ ಮೇಲ್ವಿಚಾರಕಿಯ ಮೇಲೆ ನಿಂತವು. ವಿಬೆಕೆ ಬೆಣ್ಣೆಯ ಡಬ್ಬಿಯನ್ನು ಹೆರ್ಡಿಸ್‌ಳ ಕಡೆ ಚಾಚಿ, “ಮುಂದೆ ಹೇಳಿ” ಎಂದಳು.